ಚೀಟಿಯಲ್ಲಿ ‘ಐ5’ ಅಂತ ಬರೆದರೆ ಸಾಲದು

ಕಮಲಾಪುರದಿಂದ ಅಳಿಯ ಬಂದಿದ್ದ. ಪಿಯುಸಿ ಮುಗಿಸಿ ಇಂಜಿನಿಯರಿಂಗ್ ಸೀಟಿಗೆ ಕಾಯುತ್ತಿದ್ದಾನೆ. ಕಂಪ್ಯೂಟರಿಗೆಂದು ಅವರಪ್ಪ ಎತ್ತಿಟ್ಟಿರುವುದು 45 ಸಾವಿರ ರೂಪಾಯಿ. ‘ಓದಾಕೂ ಆಗ್ತದ, ಆಡಾಕೂ ಆಗ್ತದ ಮಾಮಾ’ ಅಂತ ಹೇಳಿ, ಕಲಬುರಗಿಯ ಒಂದು ಅಂಗಡಿಯಲ್ಲಿ ಬರೆಸಿಕೊಂಡ ಕೊಟೇಶನ್ ಚೀಟಿ ನನ್ನ ಮುಂದಿಟ್ಟ. ಅದರಲ್ಲಿದ್ದದ್ದು ಇಷ್ಟು: ಐ5, 16 ಜಿಬಿ, 512 ಎಸ್‌ಎಸ್‌ಡಿ, ಗೇಮಿಂಗ್ ಕ್ಯಾಬಿನೆಟ್, ಆರ್‌ಜಿಬಿ ಫ್ಯಾನ್ 4, ಬೋರ್ಡ್ 1.

ಬಣ್ಣದ ಫ್ಯಾನ್ ಎಷ್ಟು ಅಂತ ಲೆಕ್ಕ ಇದೆ, ಮದರ್‌ಬೋರ್ಡಿನ ಹೆಸರಿಲ್ಲ. ಐ5 ಯಾವ ಕಾಲದ್ದು ಅಂತಲೂ ಇಲ್ಲ.

ತೊಗರಿ ಕೊಳ್ಳುವಾಗ ಹೊಸದೋ ಹಳೇದೋ ಎಂದು ಅಂಗೈಗೆ ಹಾಕಿಕೊಂಡು ನೋಡುವ ಊರು ನಮ್ಮದು. ಕಂಪ್ಯೂಟರ್ ವಿಷಯಕ್ಕೆ ಬಂದರೆ ‘ಐ5’ ಅಂದಕೂಡಲೇ ತಲೆ ಅಲ್ಲಾಡಿಸುತ್ತೇವೆ. ಇಂಟೆಲ್ ಈ ಹೆಸರನ್ನು 2009ರಿಂದ ಬಳಸುತ್ತಿದೆ. 2012ರ ಐ5-3470ರಲ್ಲಿ 4 ಕೋರ್, 4 ಥ್ರೆಡ್. 2022ರ ಐ5-12400ರಲ್ಲಿ 6 ಕೋರ್, 12 ಥ್ರೆಡ್. ಎರಡೂ ಐ5. ಹಳೆಯ ಆಫೀಸ್ ಕಂಪ್ಯೂಟರಿನಿಂದ ಬಿಚ್ಚಿದ ಮೊದಲನೆಯದನ್ನು ಹೊಸ ಗಾಜಿನ ಕ್ಯಾಬಿನೆಟ್ಟಿನಲ್ಲಿ ಕೂರಿಸಿದರೆ ನೋಡಲಿಕ್ಕೇನೋ ಛಲೋ ಇರುತ್ತದೆ. ಆದರೆ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಒಪ್ಪುವುದು ಇಂಟೆಲ್‌ನ 8ನೇ ತಲೆಮಾರು ಅಥವಾ ಎಎಂಡಿಯ ರೈಜನ್ 2000 ಸರಣಿಯಿಂದ ಈಚಿನದನ್ನು. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಆಡಬೇಕಾದರೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಎರಡು ಭದ್ರತಾ ಸೌಲಭ್ಯಗಳೂ ಇರಲೇಬೇಕು. ಹಾಗಾಗಿ ಮೊದಲ ಕೆಲಸ ಚೀಟಿಯಲ್ಲಿ ಪ್ರೊಸೆಸರಿನ ಪೂರ್ತಿ ಅಂಕಿ, ಕೊನೆಯ ಅಕ್ಷರದ ಸಮೇತ, ಮತ್ತು ಬೋರ್ಡಿನ ಪೂರ್ತಿ ಹೆಸರು ಬರೆಸಿಕೊಳ್ಳುವುದು. ಬರೆಯಲು ಹಿಂದೆಮುಂದೆ ನೋಡುವ ಅಂಗಡಿಯಿಂದ ಎದ್ದು ಬನ್ನಿ.

ಕೊನೆಯ ಅಕ್ಷರದ ಕಥೆ

ಆ ಅಕ್ಷರವನ್ನು ಕಡೆಗಣಿಸಿ ನಾನೇ ಒಮ್ಮೆ ಪೇಚಿಗೆ ಸಿಕ್ಕಿದ್ದೇನೆ. ಗ್ರಾಫಿಕ್ಸ್ ಕಾರ್ಡ್ ದೀಪಾವಳಿಗೆ ಕೊಂಡರಾಯಿತು ಎಂದುಕೊಂಡು ಐ5-12400ಎಫ್ ತಂದೆ. ಬೋರ್ಡಿನ ಬೆನ್ನಿಗೆ ಎಚ್‌ಡಿಎಂಐ ಕಿಂಡಿ ಇತ್ತಲ್ಲ, ಮಾನಿಟರ್ ಸಿಕ್ಕಿಸಿ ಗುಂಡಿ ಒತ್ತಿದೆ. ಫ್ಯಾನ್ ತಿರುಗಿದವು, ದೀಪ ಹೊತ್ತಿದವು, ಪರದೆ ಮಾತ್ರ ಕಪ್ಪು. ಕೇಬಲ್ ಬದಲಿಸಿದೆ, ಮಾನಿಟರ್ ಬದಲಿಸಿದೆ. ದೋಷ ಯಾವುದರಲ್ಲೂ ಇರಲಿಲ್ಲ. ‘ಎಫ್’ ಅಂದರೆ ಚಿತ್ರ ಮೂಡಿಸುವ ಭಾಗ ಒಳಗೆ ಇಲ್ಲ ಎಂದರ್ಥ. ಅಂಥ ಚಿಪ್ ಹಾಕಿದಾಗ ಬೋರ್ಡಿನ ಎಚ್‌ಡಿಎಂಐ ಬರೀ ಅಲಂಕಾರ.

ಎಎಂಡಿಯ ಎಎಂ4 ಸಾಕೆಟ್ಟಿನಲ್ಲಿ ಲೆಕ್ಕ ಉಲ್ಟಾ. ರೈಜನ್ 5 5600ರಲ್ಲಿ ಗ್ರಾಫಿಕ್ಸ್ ಇಲ್ಲ, 5600ಜಿ ಯಲ್ಲಿ ಇದೆ. ಇಂಟೆಲ್‌ನ ‘ಕೆ’ ಅಂದರೆ ಓವರ್‌ಕ್ಲಾಕ್ ಮಾಡುವವರಿಗೆ, ಅಂದರೆ ಚಿಪ್ಪನ್ನು ನಿಗದಿತ ವೇಗ ಮೀರಿ ಓಡಿಸುವವರಿಗೆ. ಅದರ ಡಬ್ಬಿಯಲ್ಲಿ ಕೂಲರ್ ಬರುವುದಿಲ್ಲ. ಕಡಿಮೆ ಬಜೆಟ್ಟಿನವರು ಆ ಕಡೆ ನೋಡಲೇಬೇಡಿ.

ಇನ್ನು ಯಾವುದನ್ನು ಕೊಳ್ಳುವುದು? ಗ್ರಾಫಿಕ್ಸ್ ಕಾರ್ಡ್ ಈಗಲೇ ಕೊಳ್ಳುತ್ತೀರೋ ಇಲ್ಲವೋ ಎಂಬುದರ ಮೇಲೆ ಎಲ್ಲ ನಿಂತಿದೆ.

ಈಗ ಕಾರ್ಡಿಗೆ ದುಡ್ಡಿಲ್ಲ, ಆಡುವುದು ವ್ಯಾಲೊರಂಟ್, ಕೌಂಟರ್-ಸ್ಟ್ರೈಕ್ 2, ಜಿಟಿಎ 5 ಅಷ್ಟೇ ಎನ್ನುವವರಿಗೆ 5600ಜಿ ಸಾಕು. ಸೆಟ್ಟಿಂಗ್ ಇಳಿಸಿಕೊಂಡರೆ ಈ ಆಟಗಳು ನಡೆಯುತ್ತವೆ. ಒಂದು ಷರತ್ತಿದೆ: ಇದರ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ್‍ಯಾಮ್‌ನಿಂದ ಸಾಲ ಪಡೆದು ಬದುಕುತ್ತದೆ. 16 ಜಿಬಿಯ ಒಂದು ಪಟ್ಟಿ ಹಾಕಿದರೆ ಒಂದೇ ದಾರಿಯಲ್ಲಿ ಗಾಡಿ ಓಡಿಸಿದ ಹಾಗೆ. 8 ಜಿಬಿಯ ಎರಡು ಹಾಕಿದರೆ ಎರಡು ದಾರಿ. ‘ಮುಂದ ಹೆಚ್ಚಿಗಿ ಹಾಕಾಕ ಬರ್ತದರಿ’ ಅಂತ ಒಂದೇ ಪಟ್ಟಿ ಕೊಡಲು ಬಂದರೆ ಒಪ್ಪಬೇಡಿ.

ಕಾರ್ಡ್ ಜೊತೆಗೇ ಕೊಳ್ಳುವವರಿಗೆ ಐ3-12100ಎಫ್ (4 ಕೋರ್, 8 ಥ್ರೆಡ್) ಅಗ್ಗದ ದಾರಿ. ಸ್ವಲ್ಪ ಹೆಚ್ಚು ಹಾಕಿದರೆ ಐ5-12400ಎಫ್ ಅಥವಾ ರೈಜನ್ 5 5600. ಕೊನೆಯ ಎರಡರಲ್ಲಿ ಯಾವುದು ಮೇಲು ಎಂದು ಹುಡುಗರು ರಾತ್ರಿಯಿಡೀ ವಾದ ಮಾಡುತ್ತಾರೆ. ಅವತ್ತು ಬೋರ್ಡ್ ಸೇರಿಸಿ ಯಾವುದು ಅಗ್ಗವೋ ಅದನ್ನು ತನ್ನಿ. ಉಳಿದ ದುಡ್ಡನ್ನು ಕಾರ್ಡಿಗೆ ಸುರಿಯಿರಿ, ಆಟದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಬರುವುದು ಅಲ್ಲಿಂದಲೇ.

ಎಎಂ5 ಸಾಕೆಟ್ಟಿಗೆ 2027ರವರೆಗೂ, ಅದರಾಚೆಗೂ ಹೊಸ ಚಿಪ್ ಕೊಡುವುದಾಗಿ ಎಎಂಡಿ ಹೇಳಿದೆ. ಆಸೆ ಹುಟ್ಟಿಸುವ ಮಾತೇ. ಆದರೆ ಅದಕ್ಕೆ ಡಿಡಿಆರ್5 ರ್‍ಯಾಮೇ ಬೇಕು, ಮತ್ತು 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದಾಗಿ ರ್‍ಯಾಮ್ ಬೆಲೆ ಕೈಗೆ ಸಿಗದಂತಾಗಿದೆ. ಮನೆಯಲ್ಲಿ ಹಳೆಯ ಕಂಪ್ಯೂಟರಿನ ಡಿಡಿಆರ್4 ಪಟ್ಟಿಗಳಿದ್ದರೆ ಅದೇ ಬಂಗಾರ ಅಂದುಕೊಂಡು ಎಎಂ4 ಅಥವಾ ಇಂಟೆಲ್ 12ನೇ ತಲೆಮಾರಿನ ಡಿಡಿಆರ್4 ಬೋರ್ಡಿಗೇ ಹೋಗಿ. ಇಂಟೆಲ್‌ನ ಅದೇ ಸಾಕೆಟ್ಟಿಗೆ ಎರಡೂ ಬಗೆಯ ಬೋರ್ಡ್ ಬರುತ್ತವೆ. ಪಟ್ಟಿಯ ಕಚ್ಚು ಬೇರೆ ಬೇರೆ ಜಾಗದಲ್ಲಿರುವುದರಿಂದ ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ.

ಬೋರ್ಡು: ನಮ್ಮ ಬಿಸಿಲು, ನಮ್ಮ ಕರೆಂಟು

ಬೆಂಗಳೂರಿನವರು ಮಾಡಿದ ವಿಡಿಯೋ ನೋಡಿ ಬೋರ್ಡ್ ಆರಿಸುವುದರಲ್ಲಿ ಒಂದು ತೊಡಕಿದೆ. ಅಲ್ಲಿನ ಕೋಣೆ 25 ಡಿಗ್ರಿ ಇದ್ದಾಗ ಚಿಪ್ 65 ಡಿಗ್ರಿ ತೋರಿಸಿತು ಅಂತಿಟ್ಟುಕೊಳ್ಳಿ. ಏಪ್ರಿಲ್-ಮೇನಲ್ಲಿ ನಮ್ಮ ಕೋಣೆಯೇ 40 ಆಗಿರುತ್ತದೆ. ಅದೇ ಚಿಪ್, ಅದೇ ಆಟ, ಇಲ್ಲಿ 80ರ ಆಸುಪಾಸು. ರೈಜನ್ 5600ಕ್ಕೆ ಮಿತಿ 90. ಮಿತಿಗೆ ಹತ್ತಿರ ಬಂದಂತೆ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ, ಆಟ ತಡವರಿಸುತ್ತದೆ. ಕಲಬುರಗಿಯಲ್ಲಿ ನಾನು 65 ವ್ಯಾಟ್ ವರ್ಗದ ಚಿಪ್ಪನ್ನೇ ಹೇಳುವುದು ಇದೇ ಕಾರಣಕ್ಕೆ.

ಚಿಪ್ಪಿಗಿಂತ ಪಾಪ, ಬೋರ್ಡಿನ ಮೇಲೆ ಅದಕ್ಕೆ ಕರೆಂಟ್ ಹದಮಾಡಿ ಕೊಡುವ ಭಾಗ ಹೆಚ್ಚು ಬೇಯುತ್ತದೆ. ಸಾಕೆಟ್ಟಿನ ಎಡಕ್ಕೆ ಸಾಲಾಗಿರುವ ಚೌಕಾಕಾರದ ಕಪ್ಪು ತುಂಡುಗಳು. ಅಂಗಡಿಯವರು ವಿಆರ್‌ಎಂ ಅನ್ನುತ್ತಾರೆ. ತೀರಾ ಅಗ್ಗದ ಎಚ್610, ಎ520 ಬೋರ್ಡುಗಳಲ್ಲಿ ಅವು ಬರಿಮೈಯಲ್ಲಿರುತ್ತವೆ. ಒಂದೆರಡು ಸಾವಿರ ಹೆಚ್ಚು ಕೊಟ್ಟರೂ ಸರಿ, ಅವುಗಳ ಮೇಲೆ ಅಲ್ಯೂಮಿನಿಯಂ ಹೀಟ್‌ಸಿಂಕ್ ಇರುವುದನ್ನೇ ಕೊಳ್ಳಿ. ಬಣ್ಣದ ಫ್ಯಾನಿಗೆ ಹೋಗುವ ದುಡ್ಡು ಅಲ್ಲಿಗೆ ಹೋಗಲಿ.

ಎಎಂ4ರಲ್ಲಿ ನನ್ನ ಮಟ್ಟಿಗೆ ಬಿ550 ಸರಿಯಾದ ಬೋರ್ಡು. ಕಾರ್ಡಿಗೆ ಹೋಗುವ ದಾರಿ ಪಿಸಿಐಇ 4.0, ಮುಂದೆ 8 ಕೋರಿನ 5700ಎಕ್ಸ್ ಹಾಕಿದರೂ ತಾಳುತ್ತದೆ. ಬಿ450, ಎ520 ಎರಡೂ 3.0. ಇದು ಬರೀ ಕಾಗದದ ಮೇಲಿನ ಅಂಕಿಯಲ್ಲ. ಆರ್‌ಎಕ್ಸ್ 6500 ಎಕ್ಸ್‌ಟಿ ಥರದ ಅಗ್ಗದ ಕಾರ್ಡಿಗೆ ನಾಲ್ಕೇ ಲೇನ್, 3.0ಗೆ ಸಿಕ್ಕಿಸಿದರೆ ಅದರ ಕಾಲು ಕಟ್ಟಿದಂತೆ. 5600ಜಿ ತಾನೂ 3.0 ಚಿಪ್ಪೇ ಆದ್ದರಿಂದ ಬಿ550 ಹಾಕಿದರೂ ಅದರ ಜೊತೆ ಆ ಕಾರ್ಡ್ ಬೇಡ. ಇನ್ನು ವೈಫೈ: ಕಡಿಮೆ ಬೆಲೆಯ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಮೊಬೈಲ್ ಹಾಟ್‌ಸ್ಪಾಟ್ ನಂಬಿದವರು ಮೊದಲೇ ಕೇಳಿ.

ಬೋರ್ಡನ್ನು ಎಬ್ಬಿಸುವ ಒಳತಂತ್ರಾಂಶವಾದ ಬಯಾಸ್ ವಿಷಯ ಮರೆಯಬೇಡಿ. ಹಳೇ ಸ್ಟಾಕಿನ ಬಿ450ಗೆ ರೈಜನ್ 5000 ಸರಣಿಯ ಗುರುತೇ ಹತ್ತುವುದಿಲ್ಲ. ಹಳೇ ಸ್ಟಾಕಿನ ಎಚ್610ಗೆ 13, 14ನೇ ತಲೆಮಾರಿನ ಚಿಪ್ ಹಾಕುವಾಗಲೂ ಇದೇ ಪಾಡು. ಅಪ್‌ಡೇಟ್ ಮಾಡಿದರೆ ಸರಿಹೋಗುತ್ತದೆ. ಆದರೆ ಅಪ್‌ಡೇಟ್ ನಡೆಯುವ ಆ ನಾಲ್ಕಾರು ನಿಮಿಷದಲ್ಲಿ ಕರೆಂಟ್ ಹೋದರೆ ಬೋರ್ಡ್ ಸತ್ತುಹೋಗಬಹುದು. ನಮ್ಮ ಹಳ್ಳಿ, ತಾಲ್ಲೂಕುಗಳಲ್ಲಿ ಮಧ್ಯಾಹ್ನ ಕರೆಂಟ್ ನಂಬಿ ಈ ಕೆಲಸಕ್ಕೆ ಕೂರುವುದು ಜೂಜು. ಯುಪಿಎಸ್ ಇರುವ ಅಂಗಡಿಯಲ್ಲೇ, ನಿಮ್ಮ ಕಣ್ಣೆದುರೇ ಮಾಡಿಸಿ.

ಕೌಂಟರಿನ ಮುಂದೆ

ಕಲಬುರಗಿಯಲ್ಲಿ ಬೇಕಾದ ಬೋರ್ಡ್ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರೋಡಿಗಿಂತ ನಮಗೆ ಸಿಕಂದರಾಬಾದಿನ ಚಿನಾಯ್ ಟ್ರೇಡ್ ಸೆಂಟರ್ ಹತ್ತಿರ. ಹೋಗಿಬರುವ ಖರ್ಚು, ಕೆಟ್ಟರೆ ಮತ್ತೆ ಓಡಾಟ, ಇವೆರಡನ್ನೂ ಕೂಡಿಸಿ ನೋಡಿ. ಸಾವಿರ ರೂಪಾಯಿ ಉಳಿಸಲು ಅಷ್ಟು ದೂರ ಹೋಗುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಎಲ್ಲೇ ಕೊಳ್ಳಿ, ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಬೇಕು. ಡಬ್ಬಿ ಇಲ್ಲದ ‘ಟ್ರೇ ಪೀಸ್’ ಅಗ್ಗಕ್ಕೆ ಸಿಗುತ್ತದೆ. ಅದರ ವಾರಂಟಿ ಅಂಗಡಿಯವರ ಬಾಯಿಮಾತಿನ ಮೇಲೆ ನಿಂತಿರುತ್ತದೆ.

ಡಬ್ಬಿ ಒಡೆದಾಗ ಮೊಬೈಲ್ ಟಾರ್ಚ್ ಹಾಕಿ. ಇಂಟೆಲ್ ಬೋರ್ಡಾದರೆ ಕೂದಲಿನಂಥ ಪಿನ್ನುಗಳು ಸಾಕೆಟ್ಟಿನಲ್ಲಿರುತ್ತವೆ. ಎಎಂ4 ಆದರೆ ಪ್ರೊಸೆಸರಿನ ಹೊಟ್ಟೆಯಡಿ. ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದರೆ ಸಾಲು ಹೊಲದ ಬಿತ್ತನೆಯಂತೆ ನೇರವಾಗಿ ಕಾಣಬೇಕು. ಒಂದೆಡೆ ಮಿಂಚು ಬೇರೆ ಥರ ಇದ್ದರೆ ಪಿನ್ ಬಾಗಿದೆ ಎಂದರ್ಥ. ಬಾಗಿದ ಪಿನ್ನಿಗೆ ವಾರಂಟಿ ಸಿಗುವುದಿಲ್ಲ, ಅದಕ್ಕೇ ಅಲ್ಲೇ ನೋಡಬೇಕು. ಸಾಕೆಟ್ಟಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳವನ್ನು ಬಿಸಾಡದೆ ಎತ್ತಿಡಿ. ಬೋರ್ಡ್ ವಾಪಸ್ ಕಳಿಸುವ ದಿನ ಬಂದರೆ ಪಿನ್ ಕಾಯುವುದು ಅದೇ.

ಜೋಡಿಸಿದ ಮೇಲೆ ಬಯಾಸ್ ತೆರೆಸಿ ರ್‍ಯಾಮ್ ವೇಗ ಓದಿ. 3200 ಎಂದು ಕೊಂಡದ್ದು 2400 ತೋರಿಸುತ್ತಿದ್ದರೆ ಅಲ್ಲೇ ಇರುವ ರ್‍ಯಾಮ್ ವೇಗದ ಆಯ್ಕೆ ಎಕ್ಸ್‌ಎಂಪಿಯನ್ನು ಆನ್ ಮಾಡಿಸಿ. 5600ಜಿ ಇಟ್ಟುಕೊಂಡವರಿಗೆ ಇದೊಂದರಿಂದಲೇ ಆಟ ಎದ್ದುಕಾಣುವಷ್ಟು ಸುಧಾರಿಸುತ್ತದೆ.

ಅಳಿಯನಿಗೆ ಕೊನೆಗೆ ಕೂಡಿಬಂದದ್ದು 5600ಜಿ, ಹೀಟ್‌ಸಿಂಕ್ ಇರುವ ಬಿ550, 8 ಜಿಬಿಯ ಎರಡು ಪಟ್ಟಿ. ಬಣ್ಣದ ಫ್ಯಾನ್ ನಾಲ್ಕಿದ್ದದ್ದು ಎರಡಾಯಿತು, ಮುಖ ಸ್ವಲ್ಪ ಸಣ್ಣದು ಮಾಡಿಕೊಂಡ. ಉಳಿದ ದುಡ್ಡಿಗೆ 600 ವಿಎ ಯುಪಿಎಸ್ ಬಂತು. ಕಾರ್ಡ್ ಇಲ್ಲದ ಕಂಪ್ಯೂಟರಿಗೆ ಆಟ ಸೇವ್ ಮಾಡಿ ಮುಚ್ಚುವಷ್ಟು ಹೊತ್ತು ಅದು ಸಾಕು. ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಕಡೆಯ ಬಸ್ಸಿನಲ್ಲಿ ಕ್ಯಾಬಿನೆಟ್ಟನ್ನು ನಿಲ್ಲಿಸಿಕೊಳ್ಳದೆ, ಬೋರ್ಡ್ ಕೆಳಗೆ ಬರುವಂತೆ ಮಲಗಿಸಿ ತೊಡೆಯ ಮೇಲೆ ಇಟ್ಟುಕೋ, ಕುಲುಕಾಟಕ್ಕೆ ಕೂಲರಿನ ಭಾರ ಬೋರ್ಡನ್ನು ಜಗ್ಗಬಾರದು ಅಂತ ಹೇಳಿ ಕಳಿಸಿದೆ. ಸಂಜೆ ಕಮಲಾಪುರದಿಂದ ಫೋನ್ ಬಂತು: ‘ಮಾಮಾ, ಡಬ್ಬಿ ಮುಟ್ಟಿದ್ರ ಚುರ್ ಅಂತದ.’ ಮನೆಯ ಪ್ಲಗ್ಗಿನಲ್ಲಿ ಮೂರನೇ ತೂತಿಗೆ ಅರ್ಥಿಂಗ್ ತಂತಿಯೇ ಹೋಗಿರಲಿಲ್ಲ. ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ಮಾಡುವ ತನಕ ಸ್ವಿಚ್ ಮುಟ್ಟಬೇಡ ಅಂದೆ. ಎರಡು ದಿನ ಹಿಡಿಯಿತು. ಆ ಎರಡು ದಿನವೂ ಹುಡುಗ ಮೊಬೈಲಿನಲ್ಲೇ ಆಡಿದ.