ಕಾರಿನ ಸಬ್‌ವೂಫರ್ ಮತ್ತು ಆಂಪ್ಲಿಫೈಯರ್: ಹೊಂದಾಣಿಕೆಯ ವಿಚಾರ

ಅಲ್ಲಾಳಸಂದ್ರದ ಮಗ್ಗುಲಲ್ಲಿ ಹಾಯುವ ಬಳ್ಳಾರಿ ರಸ್ತೆಯಲ್ಲಿ ಕೆಲವು ಕಾರುಗಳು ಕಣ್ಣಿಗೆ ಬೀಳುವ ಮುನ್ನವೇ ಅವುಗಳ ಮಂದ್ರಧ್ವನಿ ಎದೆಗೆ ತಾಗುತ್ತದೆ. ಆ ಧ್ವನಿಯನ್ನು ಹೊರಡಿಸುವ ಸಬ್‌ವೂಫರಿಗೂ ಅದಕ್ಕೆ ಶಕ್ತಿಯೂಡುವ ಆಂಪ್ಲಿಫೈಯರಿಗೂ ಹೊಂದಿಕೆ ಇರಬೇಕಾದುದು ಅವಶ್ಯ.

ತಲಾ 4 ಓಮ್‌ಗಳ ಎರಡು ಸುರುಳಿಗಳು ಸರಣಿಯಲ್ಲಿ 8 ಓಮ್, ಸಮಾಂತರ ಜೋಡಣೆಯಲ್ಲಿ 2 ಓಮ್ ಆಗುವುವೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಬಲ್ಲನು. ರೋಧವು ಅರ್ಧವಾದರೆ ವಿದ್ಯುತ್ಪ್ರವಾಹ ಇಮ್ಮಡಿಯಾಗುವುದನ್ನು ಮಾತ್ರ ಅಂಗಡಿಯಲ್ಲಿ ಮರೆಯುವವರೇ ಹೆಚ್ಚು. 4 ಓಮ್‌ಗಿಂತ ಕಡಿಮೆಯನ್ನು ಸಹಿಸದ ಆಂಪ್ಲಿಫೈಯರಿಗೆ 2 ಓಮ್ ಜೋಡಿಸಿದರೆ ಅದು ಕಾದು ನಿಲ್ಲುವುದು, ಇಲ್ಲವೆ ಸುಟ್ಟುಹೋಗುವುದು.

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ ವ್ಯಾಟ್ ಸಂಖ್ಯೆ ಬಹುಮಟ್ಟಿಗೆ ಕ್ಷಣಮಾತ್ರದ ಗರಿಷ್ಠ; ನೋಡಬೇಕಾದುದು ಆರ್.ಎಂ.ಎಸ್. ಅಂಕಿಯನ್ನು. ಚಿಕ್ಕ ಆಂಪ್ಲಿಫೈಯರ್ ನಿರಪಾಯಕರವೆಂಬ ಎಣಿಕೆಯೂ ಸಲ್ಲದು. ಅದನ್ನು ಮಿತಿಮೀರಿ ದುಡಿಸಿದಾಗ ಅಲೆಗಳ ತುದಿ ಕತ್ತರಿಸಿದಂತಾಗಿ ಧ್ವನಿ ಕೆಡುವುದಲ್ಲದೆ, ನಮೂದಿಸಿದ್ದಕ್ಕಿಂತ ಹೆಚ್ಚಿನ ಶಕ್ತಿ ಹರಿದು ಸುರುಳಿಯನ್ನು ಕಾಯಿಸಬಹುದು.

ಇನ್ನು ತಂತಿಯ ಮಾತು. ಶೇಕಡ 80 ದಕ್ಷತೆಯುಳ್ಳ ಆಂಪ್ಲಿಫೈಯರ್ 500 ವ್ಯಾಟ್ ನೀಡಬೇಕಾದರೆ 13.8 ವೋಲ್ಟಿನಲ್ಲಿ ಸುಮಾರು 45 ಆಂಪಿಯರ್ ಸೆಳೆಯುತ್ತದೆ. ಮನೆಯ ದೀಪಕ್ಕೆ ಎಳೆಯುವ ತೆಳುತಂತಿ ಇದಕ್ಕೆ ಸಾಲದು. ಫ್ಯೂಸನ್ನು ಆಂಪ್ಲಿಫೈಯರಿನ ಬಳಿಯಲ್ಲಷ್ಟೇ ಇಟ್ಟರೂ ಪ್ರಯೋಜನವಿಲ್ಲ. ತಂತಿ ನಡುದಾರಿಯಲ್ಲಿ ತಗಡಿಗೆ ಉಜ್ಜಿ ಬತ್ತಲಾದರೆ ಬೆಂಕಿ ಹೊತ್ತುವುದು ಬ್ಯಾಟರಿಯ ಕಡೆಯಿಂದ. ಆದಕಾರಣ ಫ್ಯೂಸ್ ಬ್ಯಾಟರಿಯ ಸಮೀಪದಲ್ಲಿಯೇ ಇರತಕ್ಕದ್ದು.