ಪ್ರಾಂಶುಪಾಲರೇ, ಎಲ್ಲದಕ್ಕೂ ಹೇಳಿಕೆ ಬೇಡ

ಲೋಕದಲ್ಲಿ ಏನೇ ನಡೆಯಲಿ, ಕಾಲೇಜಿನ ಮುಖ್ಯಸ್ಥರು ಕೂಡಲೇ ಹೇಳಿಕೆ ಹೊರಡಿಸಬೇಕೆಂಬ ಒತ್ತಾಯ ಈಗ ಜೋರು. ಸ್ವಲ್ಪ ತಾಳಿ. ವಿಯೆಟ್ನಾಂ ಯುದ್ಧದ ಬಿಸಿಯಲ್ಲೇ, 1967ರಲ್ಲಿ, ಶಿಕಾಗೊ ವಿಶ್ವವಿದ್ಯಾಲಯದ ಕಾಲ್ವನ್ ಸಮಿತಿ ಇದನ್ನು ಯೋಚಿಸಿತ್ತು: ವಾದ ಮಾಡಬೇಕಾದವರು ಅಧ್ಯಾಪಕರು, ವಿದ್ಯಾರ್ಥಿಗಳು, ಸಂಸ್ಥೆಯೇ ಪಕ್ಷ ಹಿಡಿದರೆ ಒಪ್ಪದವರ ಬಾಯಿ ಕಟ್ಟಿದಂತೆ. ಕಲಿಕೆಯ ಸ್ವಾತಂತ್ರ್ಯಕ್ಕೇ ಕುತ್ತು ಬಂದಾಗ ಮಾತ್ರ ಸಂಸ್ಥೆ ಸುಮ್ಮನಿರಬಾರದು. ಹಾರ್ವರ್ಡ್ ಹೆಚ್ಚುಕಡಿಮೆ ಇದೇ ದಾರಿಗೆ ಬಂದದ್ದು 2024ರ ಮೇನಲ್ಲಿ, ಅದೂ ಗಾಜಾ ಯುದ್ಧದ ಹೇಳಿಕೆಗಳಿಂದ ಕೈ ಸುಟ್ಟುಕೊಂಡ ಮೇಲೆ.

ಹಾಗೆಂದು ಇದನ್ನು ಸೋಮಾರಿತನಕ್ಕೆ ನೆಪ ಮಾಡಿಕೊಳ್ಳಬೇಡಿ, ಮತ್ತೆ! ಹಾಸ್ಟೆಲಿನಲ್ಲಿ ಸಾವಾದರೆ, ಆವರಣದಲ್ಲಿ ಹೊಡೆದಾಟವಾದರೆ, ಗಾಳಿಸುದ್ದಿಗಿಂತ ಮೊದಲು ನಿಮ್ಮ ಮಾತು ಮಕ್ಕಳನ್ನೂ ಅವರ ಮನೆಯವರನ್ನೂ ತಲುಪಲಿ. ಗೊತ್ತಿರುವಷ್ಟನ್ನೇ ಬರೆಯಿರಿ, ಮುಂದಿನ ಸುದ್ದಿ ಯಾವಾಗ ಎಂದು ತಿಳಿಸಿ, ಯಾರಿಗೆ ಫೋನ್ ಮಾಡಬೇಕೆಂದು ನಂಬರ್ ಸಮೇತ ಹಾಕಿ.