ಮಾಳಿಗೆಯ ಮೇಲಿನ ತಟ್ಟೆ

ಮಳೆಯು ಬಡವ ಬಲ್ಲಿದರೆಂಬ ಭೇದವನ್ನು ಎಣಿಸದೆ ಎಲ್ಲರ ಮನೆಯ ಮೇಲೂ ಸುರಿಯುತ್ತದೆ. ಆದರೆ ಸುರಿದ ನೀರು ದಕ್ಕುವುದು ಪಾತ್ರೆಯನ್ನು ಹಿಡಿದವರಿಗೆ ಮಾತ್ರ. ಮಳೆಯಂತೆಯೇ ಹಗಲಿರುಳೂ ನಮ್ಮ ನೆತ್ತಿಯ ಮೇಲೆ ಸುರಿಯುತ್ತಿದ್ದರೂ ಕಣ್ಣಿಗೆ ಕಾಣದ ವಸ್ತು ಇನ್ನೊಂದಿದೆ. ಅದು ಆಕಾಶದ ಉಪಗ್ರಹಗಳು ಭೂಮಿಗೆ ಕಳುಹಿಸುವ ದೂರದರ್ಶನದ ಅಲೆ. ಇದನ್ನು ಹಿಡಿಯುವ ಪಾತ್ರೆಯೇ ಇಂದು ಮನೆಮನೆಯ ಮೇಲೆ ಕಾಣುವ, ಜನರು ‘ಡಿಶ್’ ಎಂದು ಕರೆಯುವ ಲೋಹದ ತಟ್ಟೆ.

ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನಲ್ಲಿ, ಪುಣೆ–ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲಿ ಮೋಟೆಬೆನ್ನೂರು ಎಂಬ ಊರಿದೆ. 1943ರಲ್ಲಿ ನಾಡಿನ ಬಿಡುಗಡೆಗಾಗಿ ಪ್ರಾಣವನ್ನರ್ಪಿಸಿದ ಮೈಲಾರ ಮಹಾದೇವಪ್ಪನವರ ಹುಟ್ಟೂರೆಂದು ಅದು ಹೆಸರಾಗಿದೆ. ಇಂತಹ ಊರಿನ ಓಣಿಯಲ್ಲಿ ನಡೆಯುವಾಗ ಕತ್ತೆತ್ತಿ ನೋಡಿದರೆ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಮನೆಗಳ ಬಾಗಿಲು ಯಾವ ದಿಕ್ಕಿಗಿದ್ದರೂ ಮಾಳಿಗೆಯ ಮೇಲಿನ ತಟ್ಟೆಗಳು ಆಗ್ನೇಯದ ಕಡೆಗೇ ಮುಖ ಮಾಡಿ ನಿಂತಿರುತ್ತವೆ. ಇದಕ್ಕಿಂತ ಸೋಜಿಗದ ಸಂಗತಿ ಇನ್ನೊಂದಿದೆ. ಅಕ್ಕಪಕ್ಕದ ಎರಡು ಮನೆಗಳ ತಟ್ಟೆಗಳು ನೋಡಲು ಒಂದೇ ಬಗೆಯಾಗಿದ್ದರೂ ಒಂದು ಮನೆಯವರು ತಿಂಗಳು ತಿಂಗಳೂ ಶುಲ್ಕ ತೆರುತ್ತಿರಬಹುದು, ಇನ್ನೊಂದು ಮನೆಯವರು ಒಂದು ಕಾಸನ್ನೂ ತೆರದಿರಬಹುದು. ಇದು ಹೇಗೆ ಸಾಧ್ಯ? ತೆರದ ಮನೆಯವರು ಯಾರಿಗಾದರೂ ವಂಚನೆ ಮಾಡುತ್ತಿರುವರೇ? ಇಲ್ಲ. ಅವರು ಪಡೆಯುತ್ತಿರುವುದು ಸಾರ್ವಜನಿಕರಿಗೆಂದೇ ಮೀಸಲಾದ ಪಾಲು. ಆ ಪಾಲು ಹೇಗೆ ಬಂದಿತು, ಅದಕ್ಕೆ ಹಣ ತೆತ್ತವರು ಯಾರು ಎಂಬುದನ್ನು ವಿಚಾರಿಸೋಣ.

ಮೊದಲು ತಟ್ಟೆಯ ದಿಕ್ಕಿನ ವಿಷಯ. 1945ರಲ್ಲಿ ಆರ್ಥರ್ ಕ್ಲಾರ್ಕ್ ಎಂಬ ಇಂಗ್ಲಿಷ್ ಲೇಖಕನು ಒಂದು ಪತ್ರಿಕೆಯಲ್ಲಿ ಲೇಖನವೊಂದನ್ನು ಪ್ರಕಟಿಸಿದನು. ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ವಸ್ತುವು ಭೂಮಿಯು ತನ್ನ ಸುತ್ತ ತಾನು ಒಮ್ಮೆ ತಿರುಗುವಷ್ಟು ಕಾಲದಲ್ಲಿಯೇ ತನ್ನ ಸುತ್ತನ್ನು ಮುಗಿಸುತ್ತದೆ. ಆದುದರಿಂದ ನೆಲದಿಂದ ನೋಡುವವರಿಗೆ ಅದು ಆಕಾಶದಲ್ಲಿ ಒಂದೆಡೆ ನಿಶ್ಚಲವಾಗಿ ನಿಂತಂತೆ ತೋರುತ್ತದೆ. ಅಂತಹ ಮೂರು ನಿಲ್ದಾಣಗಳಿದ್ದರೆ ಇಡೀ ಜಗತ್ತಿಗೆ ಪ್ರಸಾರ ಮಾಡಬಹುದು ಎಂದು ಅವನು ಲೆಕ್ಕ ಹಾಕಿ ತೋರಿಸಿದನು. ಆಗ ಮಾನವನಿರ್ಮಿತ ಉಪಗ್ರಹ ಒಂದೂ ಇರಲಿಲ್ಲ. ಇಪ್ಪತ್ತು ವರ್ಷ ತುಂಬುವುದರೊಳಗಾಗಿ ಆ ಲೆಕ್ಕವು ನಿಜವಾಯಿತು. ಹೀಗೆ ನಿಂತಂತೆ ತೋರುವ ಉಪಗ್ರಹವನ್ನು ಭೂಸ್ಥಿರ ಉಪಗ್ರಹವೆಂದು ಕರೆಯುತ್ತಾರೆ. ಉಪಗ್ರಹವು ಕದಲದಂತೆ ತೋರುವುದರಿಂದಲೇ ತಟ್ಟೆಯನ್ನು ಒಮ್ಮೆ ಸರಿಯಾಗಿ ತಿರುಗಿಸಿ ಬಿಗಿದರೆ ಸಾಕು, ಮತ್ತೆ ಮತ್ತೆ ತಿರುಗಿಸಬೇಕಾಗಿಲ್ಲ.

ನಮ್ಮ ದೇಶದ ಉಚಿತ ಪ್ರಸಾರಕ್ಕೆ ಬಳಕೆಯಾಗುತ್ತಿರುವ ಜಿಸ್ಯಾಟ್-15 ಉಪಗ್ರಹವು 2015ರ ನವೆಂಬರಿನಲ್ಲಿ ಹಾರಿತು. ಅದರ ಸ್ಥಾನ ಪೂರ್ವ ರೇಖಾಂಶ 93.5 ಡಿಗ್ರಿ. ಎಂದರೆ ಸುಮಾತ್ರ ದ್ವೀಪಕ್ಕೆ ಪಶ್ಚಿಮದಲ್ಲಿರುವ ಹಿಂದೂ ಮಹಾಸಾಗರದ ನೆತ್ತಿಯ ಮೇಲೆ ಅದು ನಿಂತಿದೆ. ಮೋಟೆಬೆನ್ನೂರು ಇರುವುದು ಸುಮಾರು 75.5 ಡಿಗ್ರಿ ರೇಖಾಂಶದಲ್ಲಿ. ಉಪಗ್ರಹವು ನಮಗಿಂತ 18 ಡಿಗ್ರಿ ಪೂರ್ವಕ್ಕಿದೆ. ಭೂಮಧ್ಯರೇಖೆಯ ಮೇಲಿರುವುದರಿಂದ ನಮಗೆ ದಕ್ಷಿಣಕ್ಕೂ ಇದೆ. ಪೂರ್ವವೂ ದಕ್ಷಿಣವೂ ಕೂಡಿದರೆ ಆಗ್ನೇಯವಲ್ಲವೇ? ದಿಕ್ಸೂಚಿಯನ್ನು ಹಿಡಿದು ಉತ್ತರದಿಂದ ಪೂರ್ವದ ಕಡೆಗೆ ಸುಮಾರು 128 ಡಿಗ್ರಿ ತಿರುಗಿ, ಅಲ್ಲಿಂದ ದೃಷ್ಟಿಯನ್ನು ದಿಗಂತದಿಂದ 63 ಡಿಗ್ರಿ ಮೇಲಕ್ಕೆತ್ತಿದರೆ ನಾವು ಆ ಉಪಗ್ರಹದತ್ತ ನೋಡುತ್ತಿರುತ್ತೇವೆ. ಮನೆಯ ತಟ್ಟೆಯು ಅಷ್ಟು ಮೇಲ್ಮುಖವಾಗಿ ಇರುವಂತೆ ಕಾಣುವುದಿಲ್ಲ. ಅಲೆಯನ್ನು ಹಿಡಿಯುವ ಅಂಗವನ್ನು ತಟ್ಟೆಯ ನಡುವೆ ಇಡದೆ ಕೆಳಭಾಗದ ಕೋಲಿನ ತುದಿಯಲ್ಲಿ ಇಟ್ಟಿರುವುದೇ ಇದಕ್ಕೆ ಕಾರಣ. ಅದು ತಾನು ನೋಡುವಂತೆ ತೋರುವ ಕಡೆಗಿಂತ ಮೇಲಿನಿಂದ ಬರುವ ಅಲೆಗಳನ್ನು ಸ್ವೀಕರಿಸುತ್ತದೆ. ಈ ದಾರಿಗೆ ಮರವಾಗಲಿ ಗೋಡೆಯಾಗಲಿ ಅಡ್ಡವಿರಬಾರದು. ತಟ್ಟೆಗಿಂತ ಸುಮಾರು 20 ಅಡಿ ಮೇಲಕ್ಕೆ ಬೆಳೆದ ಹುಣಸೆಯ ಮರವು ಅದೇ ದಿಕ್ಕಿನಲ್ಲಿ ಹತ್ತು ಅಡಿಗಿಂತ ಹತ್ತಿರವಿದ್ದರೆ ಅಲೆಯನ್ನು ತಡೆಯುತ್ತದೆ. ಅದೇ ಮರ ಇಪ್ಪತ್ತು ಅಡಿ ದೂರವಿದ್ದರೆ ಬಾಧಕವಿಲ್ಲ.

ದೆಹಲಿಯ ಭೂಕೇಂದ್ರದಿಂದ ಮೇಲೇರಿದ ಸಂಕೇತವು ಉಪಗ್ರಹವನ್ನು ಮುಟ್ಟಿ ಕೆಳಗಿಳಿದು ನಮ್ಮ ಮಾಳಿಗೆಯನ್ನು ಸೇರಲು ಸುಮಾರು ಕಾಲು ಸೆಕೆಂಡು ಸಾಕು. ಆದರೆ 36,000 ಕಿಲೋಮೀಟರ್ ದಾಟಿ ಬರುವಷ್ಟರಲ್ಲಿ ಅದು ಬಹಳ ಕ್ಷೀಣವಾಗಿರುತ್ತದೆ. ಪರವಲಯದ ಆಕಾರದ ತಟ್ಟೆಯು ತನ್ನ ಮೈಮೇಲೆ ಬಿದ್ದ ಅಲೆಗಳನ್ನೆಲ್ಲ ಒಂದೇ ಬಿಂದುವಿಗೆ ಒಗ್ಗೂಡಿಸುತ್ತದೆ. ಆ ಬಿಂದುವಿನಲ್ಲಿರುವ ಎಲ್‌ಎನ್‌ಬಿ ಎಂಬ ಸಾಧನವು ಅವನ್ನು ಬಲಗೊಳಿಸಿ, ತಂತಿಯಲ್ಲಿ ಸಾಗಬಲ್ಲ ಕಡಿಮೆ ಕಂಪನಕ್ಕೆ ಇಳಿಸಿ ಮನೆಯೊಳಗಿನ ಸೆಟ್-ಟಾಪ್ ಪೆಟ್ಟಿಗೆಗೆ ಕಳುಹಿಸುತ್ತದೆ. ಪೆಟ್ಟಿಗೆಯು ಸಂಕೇತಗಳನ್ನು ಬಿಡಿಸಿ ಚಿತ್ರವನ್ನೂ ಧ್ವನಿಯನ್ನೂ ಮಾಡಿಕೊಡುತ್ತದೆ. ಈ ಅಲೆಗಳ ಉದ್ದ ಮೂರು ಸೆಂಟಿಮೀಟರಿಗಿಂತ ಕಡಿಮೆ. ಇಷ್ಟು ಗಿಡ್ಡ ಅಲೆಗಳನ್ನು ದಪ್ಪ ಹನಿಯ ಮಳೆಯು ಹೀರಿಕೊಳ್ಳುವುದರಿಂದ, ಬಿರುಮಳೆ ಹೊಯ್ಯುವಾಗ ಚಿತ್ರವು ಒಡೆದು ಮಾಯವಾಗುವುದುಂಟು.

ಇದಿಷ್ಟು ಯಂತ್ರದ ಮಾತು. ಆದರೆ ಉಪಗ್ರಹದ ಅಲೆಯು ಹಣವಿಲ್ಲದವರ ಮನೆಯನ್ನೂ ತಲುಪಬೇಕೆಂಬುದು ಯಂತ್ರದ ನಿಯಮವಲ್ಲ. ಅದು ಮನುಷ್ಯರು ಕೈಗೊಂಡ ನಿರ್ಧಾರ. ಆ ನಿರ್ಧಾರದ ಬೇರನ್ನು ಹುಡುಕಲು ನಾವು ಐವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಭಾರತದಲ್ಲಿ ದೂರದರ್ಶನವು 1959ರಲ್ಲಿ ದೆಹಲಿಯಲ್ಲಿ ಆರಂಭವಾಯಿತು. ಮೊದಲ ವರ್ಷಗಳಲ್ಲಿ ಅದು ದೊಡ್ಡ ನಗರಗಳ ಭೋಗವಾಗಿತ್ತು. ನಗರದಿಂದ ನಗರಕ್ಕೆ ಗೋಪುರಗಳನ್ನು ಕಟ್ಟುತ್ತ ಹೋದರೆ ದೂರದ ಹಳ್ಳಿಗಳ ಸರದಿ ಕಟ್ಟಕಡೆಗೆ ಬರುತ್ತದೆ. ಭಾರತದ ಬಾಹ್ಯಾಕಾಶ ಕಾರ್ಯಕ್ರಮದ ಜನಕರಾದ ವಿಕ್ರಮ್ ಸಾರಾಭಾಯಿಯವರು ಈ ಸರದಿಯನ್ನೇ ತಿರುಗಿಸಲು ಬಯಸಿದರು. ಉಪಗ್ರಹಕ್ಕೆ ಪಟ್ಟಣವೂ ಹಳ್ಳಿಯೂ ಸಮಾನ ದೂರ. ಆದ್ದರಿಂದ ಹಿಂದುಳಿದ ಹಳ್ಳಿಗೇ ಮೊದಲು ತಲುಪಬಹುದು ಎಂಬುದು ಅವರ ಆಲೋಚನೆಯ ತಿರುಳು. 1969ರಲ್ಲಿ ಅಮೆರಿಕದ ನಾಸಾ ಸಂಸ್ಥೆಯೊಡನೆ ಒಪ್ಪಂದವಾಯಿತು. 1971ರ ಡಿಸೆಂಬರಿನಲ್ಲಿ ಸಾರಾಭಾಯಿಯವರು ತೀರಿಕೊಂಡರೂ ಅವರ ಯೋಜನೆ ನಿಲ್ಲಲಿಲ್ಲ. 1975ರ ಆಗಸ್ಟ್ 1ರಂದು ‘ಸೈಟ್’ ಎಂದು ಹೆಸರಾದ ಉಪಗ್ರಹ ಬೋಧನಾ ಪ್ರಯೋಗವು ಆರಂಭವಾಯಿತು.

ನಾಸಾದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಈ ಪ್ರಯೋಗಕ್ಕಾಗಿ ಆರಿಸಲಾಗಿತ್ತು. ಕರ್ನಾಟಕದಲ್ಲಿ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಆಯ್ಕೆಯಾದವು. ಊರಿಗೊಂದು ದೂರದರ್ಶನ ಯಂತ್ರ. ಅದರ ಬಳಿ ಹತ್ತು ಅಡಿ ಅಗಲದ, ಕೋಳಿಗೂಡಿಗೆ ಬಳಸುವಂತಹ ತಂತಿಬಲೆಯಿಂದ ಮಾಡಿದ ತಟ್ಟೆ. ಆ ಅಲೆಗಳ ಉದ್ದ ಸುಮಾರು 35 ಸೆಂಟಿಮೀಟರ್. ಬಲೆಯ ಕಣ್ಣು ಅದಕ್ಕಿಂತ ಬಹಳ ಚಿಕ್ಕದಾದ್ದರಿಂದ ಅಲೆಯ ಪಾಲಿಗೆ ಬಲೆಯೂ ಗೋಡೆಯಂತೆಯೇ ಆಗುತ್ತಿತ್ತು. ಬೆಳಿಗ್ಗೆ ಒಂದೂವರೆ ಗಂಟೆ ಶಾಲೆಯ ಮಕ್ಕಳಿಗೆ ಪಾಠ. ಸಂಜೆ ಎರಡೂವರೆ ಗಂಟೆ ಊರ ಜನರಿಗೆ ಬೇಸಾಯ, ಆರೋಗ್ಯ, ಮನರಂಜನೆಯ ಕಾರ್ಯಕ್ರಮ. ಒಂದು ಚಿತ್ರದೊಡನೆ ಎರಡು ಭಾಷೆಗಳ ಧ್ವನಿಯನ್ನು ಕಳುಹಿಸುವ ಏರ್ಪಾಡೂ ಇತ್ತು. ನೋಡಿದ್ದಕ್ಕಾಗಿ ಹಳ್ಳಿಯವರು ಯಾರೂ ಹಣ ತೆರಬೇಕಾಗಿರಲಿಲ್ಲ.

ಇಲ್ಲಿಯೇ ಒಂದು ಸ್ವಾರಸ್ಯವಿದೆ. ಮೂವತ್ತು ವರ್ಷ ಹಿಂದೆ ಭೂಸ್ಥಿರ ಉಪಗ್ರಹದ ಲೆಕ್ಕವನ್ನು ಹಾಕಿದ ಕ್ಲಾರ್ಕನು ಆಗ ಕೊಲಂಬೊ ನಗರದಲ್ಲಿ ನೆಲೆಸಿದ್ದನು. ಭಾರತೀಯ ಬಾಹ್ಯಾಕಾಶ ಸಂಸ್ಥೆಯ ತಂತ್ರಜ್ಞರು ಅಲ್ಲಿಗೆ ಹೋಗಿ ಅವನ ಮನೆಯಲ್ಲಿ ಒಂದು ತಟ್ಟೆಯನ್ನು ನಿಲ್ಲಿಸಿಕೊಟ್ಟರು. ತಾನು ಕಾಗದದ ಮೇಲೆ ಕಂಡದ್ದನ್ನು ಅವನು ತನ್ನ ಮನೆಯಲ್ಲಿಯೇ, ಭಾರತದ ಹಳ್ಳಿಗಳಿಗೆಂದು ಕಳುಹಿಸಿದ ಚಿತ್ರಗಳಲ್ಲಿ ಕಣ್ಣಾರೆ ನೋಡಿದನು.

1976ರ ಜುಲೈ 31ಕ್ಕೆ ಎರವಲು ಮುಗಿಯಿತು. ಉಪಗ್ರಹವು ಅಮೆರಿಕದ ಕಡೆಗೆ ಮರಳಿತು. ಪರರ ಉಪಗ್ರಹವನ್ನು ನಂಬಿದರೆ ಬೆಳಕು ಹೀಗೆ ಒಂದು ದಿನ ಆರಿಹೋಗುತ್ತದೆ ಎಂಬ ಪಾಠವನ್ನೂ ಸೈಟ್ ಕಲಿಸಿತು. ಮರುವರ್ಷ ಗುಲ್ಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರವು ತೆರೆಯಿತು. ದೇಶಕ್ಕೆಂದೇ ಮಾಡಿಸಿದ ಇನ್ಸಾಟ್ ಸರಣಿಯ ಮೊದಲ ಉಪಗ್ರಹವು 1982ರಲ್ಲಿ ಹಾರಿ ಕೆಲವೇ ತಿಂಗಳಲ್ಲಿ ನಿರುಪಯುಕ್ತವಾದರೂ, 1983ರಲ್ಲಿ ಹಾರಿದ ಇನ್ಸಾಟ್-1ಬಿ ಯಶಸ್ವಿಯಾಗಿ ಕೆಲಸ ಮಾಡಿತು. ಅವುಗಳ ಚಲನವಲನವನ್ನು ನಿಯಂತ್ರಿಸುವ ಕೇಂದ್ರವು ನಮ್ಮ ಹಾಸನದಲ್ಲಿದೆ. ಆ ಕಾಲದಲ್ಲಿ ಉಪಗ್ರಹದ ಸಂಕೇತವನ್ನು ಪ್ರಸಾರ ಗೋಪುರಗಳು ಹಿಡಿದು ಸುತ್ತಲಿನ ಮನೆಗಳಿಗೆ ಹಂಚುತ್ತಿದ್ದವು. 1990ರ ದಶಕದಲ್ಲಿ ಕೇಬಲ್ ಬಂದಿತು. ಅದರೊಡನೆ ತಿಂಗಳ ಶುಲ್ಕವೂ ಬಂದಿತು. ಕೂಲಿಯ ಹಣದಲ್ಲಿ ಸಂಸಾರ ನಡೆಸುವ ಮನೆಗೆ ಇದು ಸಣ್ಣ ಹೊರೆಯಲ್ಲ. ಕೇಬಲ್ಲಿನ ತಂತಿ ತಲುಪದ ಒಂಟಿಮನೆಗಳಿಗಂತೂ ಹಣವಿದ್ದರೂ ಪ್ರಯೋಜನವಿರಲಿಲ್ಲ.

2004ರ ಡಿಸೆಂಬರಿನಲ್ಲಿ ದೂರದರ್ಶನವು ತಿಂಗಳ ಶುಲ್ಕವಿಲ್ಲದ, ನೇರವಾಗಿ ಮನೆಗೇ ಬರುವ ಉಪಗ್ರಹ ಸೇವೆಯನ್ನು ಆರಂಭಿಸಿತು. ಅದೇ ಇಂದಿನ ಡಿಡಿ ಫ್ರೀ ಡಿಶ್. ತಟ್ಟೆ, ತಂತಿ, ಪೆಟ್ಟಿಗೆ ಇವುಗಳಿಗೆ ಒಮ್ಮೆ ಹಣ ಕೊಟ್ಟರಾಯಿತು, ಅನಂತರ ಶುಲ್ಕವಿಲ್ಲ. ಹಾಗಾದರೆ ಖರ್ಚನ್ನು ಭರಿಸುವವರು ಯಾರು? ಉಪಗ್ರಹವನ್ನು ನಿರ್ಮಿಸಿದ್ದು ಸಾರ್ವಜನಿಕ ಧನದಿಂದ. ಖಾಸಗಿ ವಾಹಿನಿಗಳು ಈ ಸೇವೆಯಲ್ಲಿ ಸ್ಥಾನ ಪಡೆಯಬೇಕಾದರೆ ಪ್ರಸಾರ ಭಾರತಿಯು ನಡೆಸುವ ಹರಾಜಿನಲ್ಲಿ ಹಣ ಕೊಡಬೇಕು. ಆ ಹಣವನ್ನು ಅವು ಜಾಹೀರಾತಿನಿಂದ ದುಡಿಯುತ್ತವೆ. ಜಾಹೀರಾತಿನ ಖರ್ಚು ನಾವು ಕೊಳ್ಳುವ ಸಾಬೂನಿನ ಬೆಲೆಯಲ್ಲಿಯೂ ಚಹಾಪುಡಿಯ ಬೆಲೆಯಲ್ಲಿಯೂ ಸೇರಿಕೊಂಡಿರುತ್ತದೆ. ಆದ್ದರಿಂದ ಉಚಿತವೆಂಬುದು ಬೆಲೆಯಿಲ್ಲದ್ದಲ್ಲ. ಎಲ್ಲರೂ ಕೂಡಿ ಮೊದಲೇ ಬೆಲೆ ತೆತ್ತದ್ದು.

ಖಾಸಗಿ ಸಂಸ್ಥೆಗಳು ಹಣ ತೆತ್ತ ಗ್ರಾಹಕರಿಗೆಂದು ಕಳುಹಿಸುವ ಸಂಕೇತಗಳೂ ಇದೇ ಆಕಾಶದಿಂದ ಇದೇ ಮಾಳಿಗೆಯ ಮೇಲೆ ಬೀಳುತ್ತವೆ. ಆದರೆ ಅವಕ್ಕೆ ಗೂಢಸಂಕೇತದ ಬೀಗವಿದೆ. ಬೀಗವನ್ನು ಮುರಿಯುವ ಪೆಟ್ಟಿಗೆಗಳಿಂದ ಅವನ್ನು ನೋಡುವುದು ಕಾನೂನಿನ ದೃಷ್ಟಿಯಲ್ಲಿ ಅಪರಾಧ. ‘ನಮ್ಮ ಮಾಳಿಗೆಯ ಮೇಲೆ ಬಿದ್ದದ್ದು ನಮ್ಮದಲ್ಲವೇ?’ ಎಂದು ವಾದಿಸುವವರುಂಟು. ಬ್ಯಾಡಗಿಯ ಮಾರುಕಟ್ಟೆಗೆ ಹೋಗುವ ಮೆಣಸಿನಕಾಯಿಯ ಚೀಲವು ಬಂಡಿಯಿಂದ ಜಾರಿ ನಮ್ಮ ಅಂಗಳದಲ್ಲಿ ಬಿದ್ದ ಮಾತ್ರಕ್ಕೆ ಅದು ನಮ್ಮದಾಗುವುದೇ? ಬೆಳೆದವನ ಶ್ರಮವು ಅದರಲ್ಲಿ ಇದ್ದೇ ಇರುತ್ತದೆ. ಹಂಚಲೆಂದು ಬಾಗಿಲು ತೆರೆದಿಟ್ಟ ಪದಾರ್ಥಕ್ಕೂ ಬೀಗ ಹಾಕಿದ ಪದಾರ್ಥಕ್ಕೂ ಇರುವ ಅಂತರವನ್ನು ಅರಿತವನೇ ಸಭ್ಯ ನಾಗರಿಕ.

ಉಚಿತ ಪ್ರಸಾರದ ಬೆಲೆ ಏನೆಂಬುದು 2020ರಲ್ಲಿ ಚೆನ್ನಾಗಿ ತಿಳಿಯಿತು. ಸಾಂಕ್ರಾಮಿಕದ ದೆಸೆಯಿಂದ ಶಾಲೆಗಳು ಮುಚ್ಚಿದವು. ಅಂತರ್ಜಾಲವಿದ್ದ ಮನೆಯ ಮಕ್ಕಳು ಮೊಬೈಲಿನಲ್ಲಿ ಪಾಠ ಕೇಳಿದರು; ಇಲ್ಲದ ಮನೆಯ ಮಕ್ಕಳು ಏನು ಮಾಡಬೇಕು? ಆ ವರ್ಷದ ಜುಲೈ ತಿಂಗಳಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ ಎಂಬ ಪಾಠಮಾಲೆಯು ಎಂಟು, ಒಂಬತ್ತು, ಹತ್ತನೆಯ ತರಗತಿಗಳಿಗಾಗಿ ಆರಂಭವಾಯಿತು. ಮಾಳಿಗೆಯ ಮೇಲೆ ತಟ್ಟೆಯೊಂದಿದ್ದರೆ ಸಾಕು, ಕೂಲಿಕಾರನ ಮಗಳೂ ವರ್ತಕನ ಮಗನೂ ಒಂದೇ ಗಳಿಗೆಯಲ್ಲಿ ಒಂದೇ ಶಿಕ್ಷಕರ ಪಾಠವನ್ನು ಕೇಳಬಹುದಾಗಿತ್ತು. ಎದುರಿಗೆ ನಿಂತು ಪ್ರಶ್ನೆಗೆ ಉತ್ತರ ಹೇಳುವ ಗುರುವಿನ ಸ್ಥಾನವನ್ನು ಯಂತ್ರವು ತುಂಬಲಾರದು ನಿಜ. ಆದರೂ ಕಲಿಕೆಯ ದೀಪವು ಪೂರ್ತಿ ನಂದದಂತೆ ಅದು ಕಾಯ್ದಿತು.

ಈ ಸೇವೆಯಲ್ಲಿ ಕೊರತೆಯೂ ಇದೆ. ಇಲ್ಲಿ ಹಿಂದಿಯ ವಾಹಿನಿಗಳು ಹೇರಳ, ಕನ್ನಡದವು ವಿರಳ. ಸ್ಥಾನವು ಹರಾಜಿನಲ್ಲಿ ಸಿಗುವುದರಿಂದ ಹೆಚ್ಚು ಜಾಹೀರಾತು ದೊರೆಯುವ ಭಾಷೆಯು ಮುಂದೆ ನಿಲ್ಲುತ್ತದೆ. ಹೀಗಾಗಿ ಮೋಟೆಬೆನ್ನೂರಿನ ಮಾಳಿಗೆಯ ಮೇಲೆ ಉಚಿತವಾಗಿ ಸುರಿಯುವುದರಲ್ಲಿ ಆ ಮನೆಯ ಮಾತು ಅಲ್ಪ. ಸೈಟ್ ಪ್ರಯೋಗವು ಎರವಲು ಉಪಗ್ರಹದಿಂದಲೂ ಹಳ್ಳಿಯವರೊಡನೆ ಅವರ ಭಾಷೆಯಲ್ಲಿಯೇ ಮಾತನಾಡಿತ್ತು. ಇಂದು ಉಪಗ್ರಹ ನಮ್ಮದು, ಅದನ್ನು ನಿಯಂತ್ರಿಸುವ ಕೇಂದ್ರ ನಮ್ಮ ನೆಲದ್ದು. ಹೀಗಿರುವಾಗ ನಮ್ಮ ನುಡಿಯಲ್ಲಿ ಇನ್ನಷ್ಟು ಪಾಠ, ಇನ್ನಷ್ಟು ವಾರ್ತೆ, ಇನ್ನಷ್ಟು ಕಲೆ ಬರಲಿ ಎಂದು ಕೇಳುವುದು ಭಿಕ್ಷೆಯಲ್ಲ. ಬೆಲೆ ತೆತ್ತವರ ಹಕ್ಕು.

ತಟ್ಟೆಯು ಕೇವಲ ಪಾತ್ರೆ. ಅದರಲ್ಲಿ ಏನು ತುಂಬುತ್ತದೆ ಎಂಬುದು ಕಳುಹಿಸುವವರ ವಿವೇಕಕ್ಕೆ, ತುಂಬಿದ್ದರಲ್ಲಿ ಏನನ್ನು ಕುಡಿಯಬೇಕೆಂಬುದು ನೋಡುವವರ ವಿವೇಕಕ್ಕೆ ಸೇರಿದ್ದು. ಎಲ್ಲರದ್ದಾದ ಪಾಲನ್ನು ಹಕ್ಕಿನಿಂದ ಪಡೆದು, ಪರರದ್ದಕ್ಕೆ ಕೈಚಾಚದೆ, ದೊರೆತದ್ದರಿಂದ ಅರಿವನ್ನು ಹೆಚ್ಚಿಸಿಕೊಳ್ಳುವ ಮನೆಯಲ್ಲಿ ಮಾತ್ರ ಸಾರಾಭಾಯಿಯವರು ಕಂಡ ಕನಸು ನನಸಾಗುತ್ತದೆ.